ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆ ಆಗಲಿ

ಆಟದ ನಡುವೆ ಕಂಪ್ಯೂಟರ್ ಹ್ಯಾಂಗ್ ಆಯಿತೆಂದು ದೊಮ್ಮಲೂರಿನಿಂದ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಓಡಿ ಹೊಸ ಗ್ರಾಫಿಕ್ಸ್ ಕಾರ್ಡ್ ತರುವ ಮುನ್ನ 2024ರ ಪ್ರಕರಣವನ್ನು ನೆನೆಯಬೇಕು. ಕೆಲವು ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ತೋರಿಸಿ ನಿಂತುಹೋಗುತ್ತಿದ್ದವು. ಆದರೆ ದೋಷವಿದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ. ಹೆಚ್ಚಿನ ವೋಲ್ಟೇಜ್ ಕಾರಣವೆಂದು ಕಂಪನಿಯೇ ಒಪ್ಪಿ, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಆದ್ದರಿಂದ ಮೊದಲು ತಾಪಮಾನ ನೋಡಿ, ಓವರ್‌ಕ್ಲಾಕ್ ತೆಗೆಯಿರಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ, ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಇಷ್ಟಕ್ಕೆಲ್ಲ ಪುರುಸೊತ್ತು ಯಾರಿಗಿದೆ, ಬದಲಿಸಿದರೆ ಮುಗಿಯಿತಲ್ಲ ಎನ್ನುವವರುಂಟು. ಮುಗಿಯುವುದಿಲ್ಲ. ಪವರ್ ಸಪ್ಲೈ ಸೊರಗಿದ್ದರೆ ಹೊಸ ಕಾರ್ಡ್ ಹಾಕಿದರೂ ಅದೇ ಪಾಡು. ಕಾರ್ಡಿಗೆ ಹತ್ತಾರು ಸಾವಿರ ರೂಪಾಯಿ ಸುರಿಯುವುದಕ್ಕಿಂತ ಪರೀಕ್ಷೆಗೆ ಒಂದು ರಾತ್ರಿ ಕೊಡುವುದು ಲೇಸು. ರಿಪೇರಿ ಅಂಗಡಿಗಳೂ ಪರೀಕ್ಷೆಯ ಫಲಿತಾಂಶ ತೋರಿಸಿಯೇ ಭಾಗ ಬದಲಿಸಲಿ; ಗ್ರಾಹಕರು ಅದನ್ನು ಹಕ್ಕಿನಿಂದ ಕೇಳಲಿ.