ಮುರಿಯಲಾಗದ ಬೀಗ, ಸರಿ. ಕೀಲಿಕೈ ಯಾರ ಸೊಂಟದಲ್ಲಿ?

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು ನಮ್ಮ ಓದುಗರಿಗೆ ಚೆನ್ನಾಗಿ ನೆನಪಿರಬೇಕು. ತರಕಾರಿ ಅಂಗಡಿ, ಬೇಕರಿ, ಬೀಡಿ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೆಯುವ ಸಾವಿರಾರು ಮಂದಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸುಗಳು ಬಂದವು. ಗಿರಾಕಿಗಳು ಫೋನಿನಿಂದ ಕೊಟ್ಟ ಹಣದ ಲೆಕ್ಕವೆಲ್ಲ ಇಲಾಖೆಯ ಮೇಜಿನ ಮೇಲಿತ್ತು. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಕಾಗದಗಳು ತೂಗಾಡಿದವು. ಕೊನೆಗೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಎರಡನೆಯದು, ಅದೇ ತಿಂಗಳ ಕೊನೆಯ ದಿನ ಬೆಂಗಳೂರಿನಲ್ಲಿ ಆರಂಭವಾದ ‘ಕ್ವಾಂಟಂ ಇಂಡಿಯಾ’ ಸಮಾವೇಶ. ಅದೇ ಮುಖ್ಯಮಂತ್ರಿಗಳು ಅಲ್ಲಿ 1,000 ಕೋಟಿ ರೂಪಾಯಿಗಳ ಕ್ವಾಂಟಂ ಯೋಜನೆಯನ್ನು ಸಾರಿದರು. ಆ ವಿದ್ಯೆಯ ದೊಡ್ಡ ಫಲಗಳಲ್ಲಿ ಒಂದೆಂದರೆ, ಯಾರೂ ಕದ್ದು ಓದಲಾಗದಂತೆ ಗಾಜಿನೆಳೆಯ ಕೇಬಲ್ಲಿನಲ್ಲಿ ಗುಟ್ಟನ್ನು ಸಾಗಿಸುವುದು. ಮುರಿಯಲಾಗದ ಬೀಗ!

ಬಡ ವ್ಯಾಪಾರಿಯ ಖಾತೆ ಪುಸ್ತಕ ಅತ್ತ ಬಯಲಿನಲ್ಲಿ ಬಿದ್ದಿರುವಾಗ ಇತ್ತ ಮುರಿಯಲಾಗದ ಬೀಗ ತಯಾರಾಗುತ್ತಿದೆ. ಆ ಬೀಗ ಯಾರ ಪೆಟ್ಟಿಗೆಗೆ ಎಂದು ಕೇಳುವುದು ತಪ್ಪೇ?

ಮೊದಲೇ ಹೇಳಿಬಿಡುತ್ತೇವೆ, ನಾವು ವಿಜ್ಞಾನದ ವಿರೋಧಿಗಳಲ್ಲ. ಯಂತ್ರ ಬಂದರೆ ಕೈ ಹೋಯಿತು ಎಂದು ಎದೆ ಬಡಿದುಕೊಳ್ಳುವ ಪಂಥ ನಮ್ಮದಲ್ಲ. ಯಂತ್ರದ ಒಡೆಯ ಯಾರು ಎಂಬುದೊಂದೇ ಸಮಾಜವಾದಿಗಳ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳಬೇಕಾದರೆ ಯಂತ್ರ ನಡೆಯುವುದು ಹೇಗೆಂದು ಮೊದಲು ತಿಳಿದಿರಬೇಕು. ಅದು ಮೇಲಿನವರಿಗೆ ಮಾತ್ರ ಅರ್ಥವಾಗುವ ಮಾಯಾವಿದ್ಯೆ ಎಂದು ನಾವೆಲ್ಲ ನಂಬಿ ಸುಮ್ಮನಿರಲಿ ಎಂಬುದೇ ಕೆಲವರ ಆಸೆ. ಅಷ್ಟೇನೂ ಕಷ್ಟದ ವಿಷಯವಲ್ಲ. ಬನ್ನಿ, ನೋಡೋಣ.

ಇಂದು ನಮ್ಮ ಫೋನಿನ ಮಾತು, ಬ್ಯಾಂಕಿನ ಲೆಕ್ಕ ಎಲ್ಲವೂ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಲ್ಲಿ ಬೆಳಕಾಗಿ ಓಡುತ್ತವೆ. ಆ ಬೆಳಕಿನ ಒಂದೊಂದು ಮಿಣುಕಿನಲ್ಲೂ ಲೆಕ್ಕವಿಲ್ಲದಷ್ಟು ಬೆಳಕಿನ ಕಣಗಳಿರುತ್ತವೆ. ಯಾವನೋ ಒಬ್ಬ ಕೇಬಲ್ಲನ್ನು ತುಸು ಬಗ್ಗಿಸಿ ಒಂದಿಷ್ಟು ಬೆಳಕನ್ನು ಸೋರಿಸಿಕೊಂಡರೆ ಸಂತೆಯ ರಾಶಿಯಿಂದ ಒಂದು ಹಿಡಿ ಶೇಂಗಾ ಎತ್ತಿಕೊಂಡ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ. ಕ್ವಾಂಟಂ ಪದ್ಧತಿಯಲ್ಲಿ ಒಂದು ಸಲಕ್ಕೆ ಒಂದೇ ಕಣವನ್ನು ಕಳಿಸುವುದು ಗುರಿ. ಪ್ರತಿ ಕಣಕ್ಕೂ ಕಂಪನದ ಒಂದು ದಿಕ್ಕುಂಟು. ಕಳಿಸುವವನು ಕೆಲವು ಕಣಗಳನ್ನು ನೆಟ್ಟಗೆ ಅಥವಾ ಅಡ್ಡವಾಗಿ, ಕೆಲವನ್ನು ಓರೆಯಾಗಿ, ಮನಸ್ಸಿಗೆ ಬಂದಂತೆ ಕಳಿಸುತ್ತಾನೆ. ನೆಟ್ಟಗಿನ ಕಣವನ್ನು ಓರೆಯ ಅಳತೆಗೋಲಿನಿಂದ ಅಳೆದರೆ ಉತ್ತರ ಹುಸಿಯಾಗುತ್ತದೆ. ಅಷ್ಟೇ ಅಲ್ಲ, ಕಣವೇ ಬದಲಾಗಿಬಿಡುತ್ತದೆ. ನಡುವೆ ಕಳ್ಳನೊಬ್ಬ ಕೂತು ಪ್ರತಿಯೊಂದು ಕಣವನ್ನೂ ಹಿಡಿದು ಅಳೆದು ಮುಂದೆ ಬಿಟ್ಟನೆನ್ನಿ. ಆಮೇಲೆ ಕಳಿಸಿದವನೂ ಪಡೆದವನೂ ಒಂದಿಷ್ಟನ್ನು ಬಹಿರಂಗವಾಗಿಯೇ ತಾಳೆ ನೋಡಿದರೆ ನಾಲ್ಕರಲ್ಲಿ ಒಂದು ತಪ್ಪಿರುತ್ತದೆ. ಕಳ್ಳ ಸಿಕ್ಕಿಬಿದ್ದ! ಆ ಕಂತನ್ನು ಎಸೆದು ಹೊಸದಾಗಿ ಆರಂಭಿಸುತ್ತಾರೆ. ಹೀಗೆ ಇಬ್ಬರ ಕೈಗೂ ಸೇರುವುದು ಸಂದೇಶವಲ್ಲ, ಕೀಲಿಕೈ. ಅದರಿಂದ ಬೀಗ ಹಾಕಿದ ಸಂದೇಶ ಎಂದಿನ ದಾರಿಯಲ್ಲೇ ಹೋಗುತ್ತದೆ.

ಈ ಉಪಾಯವನ್ನು ಬೆನೆಟ್ ಮತ್ತು ಬ್ರಸಾರ್ಡ್ ಎಂಬಿಬ್ಬರು ಲೋಕದ ಮುಂದಿಟ್ಟದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ, 1984ರ ಡಿಸೆಂಬರಿನಲ್ಲಿ ನಡೆದ ಒಂದು ವಿಜ್ಞಾನ ಸಮ್ಮೇಳನದಲ್ಲಿ. ಅದಕ್ಕೂ ಮೊದಲು ಇದರ ಬೀಜ ಹೊಳೆದಿದ್ದವನು ಸ್ಟೀಫನ್ ವೀಸ್ನರ್ ಎಂಬ ಅಮೆರಿಕದ ವಿದ್ಯಾರ್ಥಿ. 1970ರ ಸುಮಾರಿಗೆ ಅವನು ಬರೆದ ಪ್ರಬಂಧವನ್ನು ಪಂಡಿತರು ಒಪ್ಪಲಿಲ್ಲ; ಅದು ಅಚ್ಚಾದದ್ದು 1983ರಲ್ಲಿ. ಆತ ಆಮೇಲೆ ಇಸ್ರೇಲಿಗೆ ಹೋಗಿ, ತಾನಾಗಿಯೇ ಆರಿಸಿಕೊಂಡು, ಕಟ್ಟಡದ ಕೂಲಿ ಕೆಲಸ ಮಾಡಿದ. 2021ರಲ್ಲಿ ತೀರಿಕೊಂಡ. ಇಂದು ಸಾವಿರಾರು ಕೋಟಿಯ ಯೋಜನೆಗಳಿಗೆ ತಳಪಾಯ ಹಾಕಿದ ತಲೆ ಬಾಂಡ್ಲಿ ಹೊತ್ತ ತಲೆಯೂ ಹೌದು ಎಂಬುದನ್ನು ಪಂಚತಾರಾ ಹೋಟೆಲಿನ ಸಮಾವೇಶಗಳಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ನಾವು ಇಲ್ಲಿ ಹೇಳುತ್ತಿದ್ದೇವೆ.

ಇನ್ನು ಅಸಲು ವಿಷಯಕ್ಕೆ ಬರೋಣ. ಗಾಜಿನ ಎಳೆ ಎಷ್ಟೇ ಶುದ್ಧವಾಗಿರಲಿ, ದಾರಿಯಲ್ಲಿ ಬೆಳಕು ಸವೆಯುತ್ತದೆ. ಒಳ್ಳೆಯ ಕೇಬಲ್ಲಿನಲ್ಲೂ 50 ಕಿಲೋಮೀಟರು ಹೋಗುವಷ್ಟರಲ್ಲಿ ಹತ್ತರಲ್ಲೊಂದು ಕಣ ಉಳಿಯುತ್ತದೆ. 100 ಕಿಲೋಮೀಟರಿಗೆ ನೂರರಲ್ಲೊಂದು. ಬೆಂಗಳೂರಿನಿಂದ ನಮ್ಮ ದಾವಣಗೆರೆಗೆ ಸುಮಾರು 260 ಕಿಲೋಮೀಟರು. ಹೊರಟ ಒಂದೂವರೆ ಲಕ್ಷ ಕಣಗಳಲ್ಲಿ ಒಂದು ಬಂದು ತಲುಪಿದರೆ ಪುಣ್ಯ. ಮಾಮೂಲಿ ಬೆಳಕಾದರೆ ನಡುವೆ ಯಂತ್ರವಿಟ್ಟು ಅದನ್ನು ಹಿಗ್ಗಿಸಿ ಕಳಿಸಬಹುದು. ಈ ಕಣವನ್ನು ಹಾಗೆ ಮಾಡುವಂತಿಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯೊಂದಕ್ಕೆ ತದ್ವತ್ ನಕಲು ತೆಗೆಯಲು ಪ್ರಕೃತಿ ಬಿಡುವುದಿಲ್ಲವೆಂದು 1982ರಲ್ಲೇ ಸಾಧಿಸಿ ತೋರಿಸಿದ್ದಾರೆ. ಕಳ್ಳನಿಗೆ ನಕಲು ಸಿಕ್ಕದಂತೆ ಮಾಡಿದ ನಿಯಮವೇ ಸಾಗಿಸುವವನ ಕಾಲಿಗೂ ತೊಡಕಾಗಿದೆ.

ಹಾಗಾದರೆ ದೂರದ ಊರಿಗೆ ಏನು ಮಾಡುತ್ತಾರೆ? ನಡುವೆ ಠಾಣೆಗಳನ್ನು ಕಟ್ಟುತ್ತಾರೆ. ಚೀನಾ ದೇಶದವರು 2017ರಲ್ಲಿ ಬೀಜಿಂಗಿನಿಂದ ಶಾಂಘೈವರೆಗೆ ಸುಮಾರು 2,000 ಕಿಲೋಮೀಟರು ಉದ್ದದ ಕ್ವಾಂಟಂ ಮಾರ್ಗವನ್ನು ತೆರೆದರು. ಅದರಲ್ಲಿ 32 ಠಾಣೆಗಳು. ಒಂದು ಠಾಣೆಯಿಂದ ಮುಂದಿನದಕ್ಕೆ ಕಣ ಹೋಗುತ್ತದೆ, ಅಲ್ಲಿ ಅದನ್ನು ಅಳೆದು ಕೀಲಿಕೈ ತೆಗೆಯುತ್ತಾರೆ, ಹೊಸ ಕಣಗಳಿಂದ ಮುಂದಕ್ಕೆ ದಾಟಿಸುತ್ತಾರೆ. ಅಂದರೆ ಪ್ರತಿಯೊಂದು ಠಾಣೆಯೊಳಗೂ ಕೀಲಿಕೈ ಬರಿಯ ಅಂಕಿಗಳಾಗಿ ಬಿಚ್ಚಿಕೊಂಡು ಕೂತಿರುತ್ತದೆ. ಆ ಕೋಣೆಯಲ್ಲಿ ಇರುವವನು ಅದನ್ನು ಓದಬಲ್ಲ. ಪ್ರಕೃತಿಯ ಕಾವಲು ಕೇಬಲ್ಲಿಗೆ ಮಾತ್ರ. ಕೋಣೆಯ ಕಾವಲು ಮನುಷ್ಯನದು. ಇದಕ್ಕೆ ವಿಜ್ಞಾನಿಗಳೇ ಇಟ್ಟ ಹೆಸರು ‘ನಂಬಿಕೆಯ ಠಾಣೆ’. ಹೆಸರಿನಲ್ಲೇ ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ, ಇಲ್ಲಿ ಲೆಕ್ಕವಿಲ್ಲ, ಬರೀ ನಂಬಿಕೆ ಎಂದು. ಠಾಣೆಯೇ ಬೇಡದಂತೆ ಕಣದ ಸ್ಥಿತಿಯನ್ನು ಹಿಡಿದಿಟ್ಟು ದಾಟಿಸುವ ಕ್ವಾಂಟಂ ಸ್ಮೃತಿಯ ಯಂತ್ರಗಳ ಪ್ರಯೋಗ ಸಾಗಿದೆ. ಅವು ಇನ್ನೂ ಪ್ರಯೋಗದ ಹಂತ ದಾಟಿಲ್ಲ.

ನಮ್ಮ ಕೇಂದ್ರ ಸರಕಾರ 2023ರ ಏಪ್ರಿಲಿನಲ್ಲಿ 6,003 ಕೋಟಿ ರೂಪಾಯಿಗೂ ಮಿಗಿಲಾದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಊರಿಂದೂರಿಗೆ 2,000 ಕಿಲೋಮೀಟರು ದೂರ ಕೀಲಿಕೈ ಸಾಗಿಸುವುದು ಅದರ ಗುರಿಗಳಲ್ಲಿ ಒಂದು. 2022ರ ಫೆಬ್ರವರಿಯಲ್ಲಿಯೇ ದೆಹಲಿಯ ಐ.ಐ.ಟಿ. ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಯವರು ಪ್ರಯಾಗರಾಜ್ ಮತ್ತು ವಿಂಧ್ಯಾಚಲಗಳ ನಡುವೆ 100 ಕಿಲೋಮೀಟರಿಗೂ ಹೆಚ್ಚು ದೂರ, ಅದಾಗಲೇ ಹೂತಿದ್ದ ಸಾಮಾನ್ಯ ಕೇಬಲ್ಲಿನಲ್ಲಿ, ಇದನ್ನು ಮಾಡಿ ತೋರಿಸಿದರು. ಆ ವಿಜ್ಞಾನಿಗಳಿಗೆ ನಮ್ಮ ಅಭಿನಂದನೆಗಳು; ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ನಮ್ಮ ಜಗಳ ಅವರೊಂದಿಗಲ್ಲ. 2,000 ಕಿಲೋಮೀಟರು ಎಂದರೆ ಹತ್ತಾರು ನಂಬಿಕೆಯ ಠಾಣೆಗಳು. ಆ ಠಾಣೆಯ ಬೀಗದ ಕೈ ಯಾರ ಸೊಂಟದಲ್ಲಿ ತೂಗಾಡುತ್ತದೆ? ಕಂಪನಿಯ ಧಣಿಯದೇ? ಗೃಹ ಇಲಾಖೆಯ ಅಧಿಕಾರಿಯದೇ? ಯಾವ ಕಾಯಿದೆಯ ಕೆಳಗೆ?

ಇರುವ ಕಾಯಿದೆಯ ಸೊಗಸನ್ನು ನೋಡಿ. ಬ್ರಿಟಿಷರು 1885ರಲ್ಲಿ ತಂತಿ ಕಾಯಿದೆ ಮಾಡಿ, ಬೇಕೆಂದಾಗ ಪ್ರಜೆಯ ತಂತಿಯನ್ನು ತಡೆದು ಓದುವ ಅಧಿಕಾರವನ್ನು 5ನೇ ಕಲಮಿನಲ್ಲಿ ಇಟ್ಟುಕೊಂಡರು. ಸ್ವರಾಜ್ಯ ಬಂದು ಎಪ್ಪತ್ತಾರು ವರ್ಷಗಳಾದ ಮೇಲೆ, 2023ರಲ್ಲಿ, ಹೊಸ ದೂರಸಂಪರ್ಕ ಕಾಯಿದೆ ಬಂತು. ಹಳೆಯ ಅಧಿಕಾರ ಹೊಸ ಅಂಗಿ ತೊಟ್ಟು 20ನೇ ಕಲಮಿನಲ್ಲಿ ಬಂದು ಕೂತಿದೆ. ಅಪ್ಪಣೆ ಕೊಡುವವರು ಕಾರ್ಯದರ್ಶಿಗಳು. ಅದು ಸರಿಯೋ ತಪ್ಪೋ ಎಂದು ನೋಡುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ನ್ಯಾಯಾಧೀಶರ ಸಹಿ ಎಲ್ಲಿಯೂ ಬೇಕಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಮೇಲೂ ಈ ಸ್ಥಿತಿ.

ಆಳುವವರೆಲ್ಲ ಇದರಲ್ಲಿ ಒಂದೇ ಜಾತಿ. ನಮ್ಮ ಬಳಗವನ್ನೂ ಬಿಟ್ಟು ಹೇಳುವುದು ನ್ಯಾಯವಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ಟೆಲಿಫೋನು ಕದ್ದಾಲಿಕೆಯ ಹಗರಣದಲ್ಲಿ. ಆ ಜನತಾ ಸರಕಾರದಲ್ಲಿ ಹಳೆಯ ಸಮಾಜವಾದಿಗಳೂ ಮಂತ್ರಿಗಳಾಗಿದ್ದರು. ಕಿವಿ ಇಡುವ ಚಟ ಕುರ್ಚಿಗೆ ಅಂಟಿದ್ದು, ಬಾವುಟದ ಬಣ್ಣಕ್ಕಲ್ಲ.

‘ದೇಶದ ಭದ್ರತೆಯ ವಿಷಯ, ನೀವು ಬಾಯಿ ಹಾಕಬೇಡಿ’ ಎನ್ನುವ ಮಹಾಶಯರಿದ್ದಾರೆ. ಸೈನ್ಯದ ಗುಟ್ಟನ್ನು ನಾವು ಕೇಳುತ್ತಿಲ್ಲ. ಗಡಿಯಲ್ಲಿರುವ ಯೋಧನ ಸಂದೇಶಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಬೀಗ ಬೀಳಲಿ. ಆದರೆ ನಾಳೆ ಇದೇ ಮಾರ್ಗವನ್ನು ದೊಡ್ಡ ಬ್ಯಾಂಕುಗಳೂ ಕಂಪನಿಗಳೂ ಬಾಡಿಗೆಗೆ ಹಿಡಿಯುತ್ತವೆ. ಅದು ಭದ್ರತೆಯಲ್ಲ, ವ್ಯಾಪಾರ. ಧಣಿಯ ಗುಟ್ಟು ಕಣದ ಕಾವಲಿನಲ್ಲಿ ಸಾಗಬೇಕು. ಗಿರಣಿಯ ಗೇಟಿನಲ್ಲಿ ಮುಷ್ಕರದ ಮಾತು ಆಡುವ ಕೂಲಿಗಾರನ ಫೋನು ಮಾತ್ರ ಕಾರ್ಯದರ್ಶಿಯ ಒಂದು ಸಹಿಗೆ ತೆರೆದುಕೊಳ್ಳಬೇಕು. ಇದಾವ ಭದ್ರತೆ?

ಮತ್ತು ಈ ಕೇಬಲ್ಲು ಯಾರದು? ಮೊಬೈಲ್ ಕಂಪನಿಗಳು ತಮ್ಮ ವರಮಾನದ ನೂರಕ್ಕೆ 5ರಂತೆ ಒಂದು ಸಾರ್ವಜನಿಕ ನಿಧಿಗೆ ಕಟ್ಟುತ್ತವೆ. ಕಟ್ಟುವವರು ಅವರೆಂಬುದು ಕಾಗದದಲ್ಲಿ, ರೀಚಾರ್ಜು ಮಾಡಿಸುವವರು ನೀವು. ಹಳ್ಳಿಗಳಿಗೆ ಫೋನು ಸೇವೆ ಒಯ್ಯುವುದಕ್ಕೆಂದು ಇರುವ ಆ ನಿಧಿಯಿಂದಲೇ 2011ರಿಂದ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆಯುವ ಕೆಲಸ ನಡೆದಿದೆ. ನಮ್ಮ ಸುತ್ತಿನ ಒಂದು ಪಂಚಾಯಿತಿಯಲ್ಲಿ ಅದರ ಪೆಟ್ಟಿಗೆ ಬೀರುವಿನ ಮೇಲೆ ಕೂತು ಪಾರಿವಾಳಗಳಿಗೆ ಮನೆಯಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕ್ವಾಂಟಂಗೆ ಬೇರೆಯೇ ಕೇಬಲ್ಲು ಬೇಕು, ಆದ್ದರಿಂದ ಅದು ಬೇರೆಯವರ ಸ್ವತ್ತು ಎಂಬ ವಾದವೂ ಈಗ ನಿಲ್ಲುವುದಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 30 ಕಿಲೋಮೀಟರಿನ ಒಂದೇ ಎಳೆಯಲ್ಲಿ ಭಾರಿ ಇಂಟರ್ನೆಟ್ ಸಂಚಾರದ ಜೊತೆಜೊತೆಗೆ ಕ್ವಾಂಟಂ ಸ್ಥಿತಿಯನ್ನೂ ದಾಟಿಸಿದ ಸಾಧನೆಯನ್ನು ಪ್ರಕಟಿಸಿದರು. ಹೆಚ್ಚು ಗದ್ದಲವಿಲ್ಲದ ಬಣ್ಣದ ಬೆಳಕನ್ನು ಆರಿಸಿಕೊಂಡು, ಸಂತೆಯ ನಡುವೆಯೇ ಪಿಸುಮಾತು ಕೇಳಿಸುವಂತೆ ಮಾಡಿದರು. ಅಂದ ಮೇಲೆ ಜನರ ದುಡ್ಡಿನ ಕೇಬಲ್ಲಿನಲ್ಲಿಯೇ ಇದು ಓಡಬಹುದು. ಓಡಿದರೆ ಬಾಡಿಗೆಯೂ ಹತೋಟಿಯೂ ಜನರದಾಗಬೇಕು.

ಇನ್ನೊಂದು ಮಾತು. ಇಂದಿನ ಬೀಗಗಳನ್ನು ಮುಂದೆ ಬರಲಿರುವ ಕ್ವಾಂಟಂ ಗಣಕಗಳು ಮುರಿಯುತ್ತವೆ ಎಂಬ ಭಯ ನಿಜವೇ. ಆದರೆ ಅದಕ್ಕೆ ಕಣದ ಕೇಬಲ್ಲೊಂದೇ ಮದ್ದಲ್ಲ. ಕ್ವಾಂಟಂ ಗಣಕಕ್ಕೂ ಬಗ್ಗದಿರುವಂಥ ಗಣಿತದ ಹೊಸ ಬೀಗಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್ 13ರಂದು ಹೊರಡಿಸಿದೆ. ಅವು ನಿಮ್ಮ ಕೈಯ ಸಾಮಾನ್ಯ ಫೋನಿನಲ್ಲೂ ನಡೆಯುತ್ತವೆ. ಅಮೆರಿಕ, ಬ್ರಿಟನ್ ದೇಶಗಳ ಗುಪ್ತಲಿಪಿ ತಜ್ಞರೇ ಸರಕಾರಿ ಕೆಲಸಕ್ಕೆ ಕ್ವಾಂಟಂ ಕೀಲಿಗಿಂತ ಈ ಗಣಿತದ ಬೀಗವೇ ಲೇಸೆಂದು ಬಹಿರಂಗವಾಗಿ ಹೇಳಿದ್ದಾರೆ. ಶ್ರೀಸಾಮಾನ್ಯನ ಗುಟ್ಟಿನ ಮೇಲೆ ಕಾಳಜಿ ಇದ್ದವರು ಮೊದಲು ಮಾಡಬೇಕಾದದ್ದು ಇದನ್ನು. ರಿಬ್ಬನ್ನು ಕತ್ತರಿಸಲು ಅದರಲ್ಲಿ ಏನೂ ಸಿಕ್ಕುವುದಿಲ್ಲ, ಪಾಪ.

ಮೇಲೆ ಹೇಳಿದ ಜುಲೈ ತಿಂಗಳ ಕಥೆಯನ್ನು ಮತ್ತೆ ನೆನೆಯಿರಿ. ಯಾವ ಕಳ್ಳನೂ ಕೇಬಲ್ಲು ಕೊರೆಯಲಿಲ್ಲ. ಯಾರೂ ಬೀಗ ಮುರಿಯಲಿಲ್ಲ. ಹಣ ಸಾಗಿಸುವ ಸಂಸ್ಥೆಗಳಿಂದ ಇಲಾಖೆ ಲೆಕ್ಕ ತರಿಸಿಕೊಂಡಿತು, ಅಷ್ಟೆ. ತೆರಿಗೆ ಕಟ್ಟಬೇಕಾದವನು ಕಟ್ಟಲಿ, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ದಾರಿಗೆ ಎಂಥ ಕಾವಲಿದ್ದರೂ ದಾರಿಯ ಎರಡು ತುದಿಗಳಲ್ಲಿ ಕೂತವನು ಪುಸ್ತಕ ಬಿಚ್ಚಿಕೊಟ್ಟರೆ ಪ್ರಕೃತಿಯ ನಿಯಮ ಏನು ಮಾಡೀತು?

ಆದ್ದರಿಂದ ನಮ್ಮ ಕೇಳಿಕೆ ಇಷ್ಟು. ಕ್ವಾಂಟಂ ಮಾರ್ಗದ ಪ್ರತಿಯೊಂದು ನಂಬಿಕೆಯ ಠಾಣೆಯೂ ಸಾರ್ವಜನಿಕ ಸ್ವತ್ತಾಗಿರಬೇಕು. ಅದರ ಉಸ್ತುವಾರಿ ಲೋಕಸಭೆಗೆ ಉತ್ತರ ಹೇಳುವ ಸಮಿತಿಯ ಕೈಯಲ್ಲಿರಬೇಕು. ಯಾರ ಸಂದೇಶವನ್ನಾಗಲಿ ತೆರೆಯಲು ನ್ಯಾಯಾಧೀಶರ ಲಿಖಿತ ಅಪ್ಪಣೆ ಬೇಕೆಂದು 20ನೇ ಕಲಮನ್ನು ತಿದ್ದಬೇಕು. ಗಣಿತದ ಹೊಸ ಬೀಗವನ್ನು ಬ್ಯಾಂಕುಗಳೂ ಹಣ ಸಾಗಿಸುವ ಕಂಪನಿಗಳೂ ತಮ್ಮ ಖರ್ಚಿನಲ್ಲೇ ಹಾಕಿಸಬೇಕು. ಅಂಗಡಿಯವನ ತಲೆಯ ಮೇಲೆ ಒಂದು ಕಾಸೂ ಬೀಳಬಾರದು. ಪಂಚಾಯಿತಿಯ ಬೀರುವಿನ ಮೇಲಿನ ಪೆಟ್ಟಿಗೆಗೆ ಮೊದಲು ಜೀವ ಬರಬೇಕು.

ಇವನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಕೇಳಬೇಕೆಂದು ನಮ್ಮ ಕ್ಷೇತ್ರದ ಸದಸ್ಯರಿಗೆ ಬರೆದಿದ್ದೇವೆ. ನೀವೂ ಬರೆಯಿರಿ. ನಾವು ಬರೆದದ್ದು ಐವತ್ತು ಪೈಸೆಯ ಕಾರ್ಡಿನಲ್ಲಿ, ಲಕೋಟೆಯಲ್ಲಿ ಅಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಿಕೊಳ್ಳಲಿ.