ವೋಚರ್ ಇಲ್ಲದ ಸುದ್ದಿ

ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು: ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಹಾಕಬಾರದು. ಹತ್ತು ರೂಪಾಯಿ ಖರ್ಚಿಗೂ ರಸೀದಿ ಬೇಕು. ಆದರೆ ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವಾಗ ನಾವು ಯಾವ ರಸೀದಿಯನ್ನೂ ಕೇಳುವುದಿಲ್ಲ.

ಇದರ ಪರಿಣಾಮವನ್ನು 2018ರಲ್ಲಿ ನಮ್ಮ ರಾಜ್ಯವೇ ಕಂಡಿದೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ದೇಶದ ಹಲವೆಡೆ ಹರಡಿದವು. ಅವುಗಳ ಜೊತೆ ಬಂದ ಒಂದು ವಿಡಿಯೊದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸ್ನೇಹಿತರ ಗುಂಪನ್ನು ಮಕ್ಕಳ ಕಳ್ಳರೆಂದು ಶಂಕಿಸಲಾಯಿತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮೊದಲೇ ಸುದ್ದಿ ವಾಟ್ಸಾಪ್‌ನಲ್ಲಿ ಅಲ್ಲಿಗೆ ತಲುಪಿತ್ತು. ಜನರ ಹೊಡೆತಕ್ಕೆ ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡರು.

ಆ ತಿಂಗಳಲ್ಲೇ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿಯನ್ನು ಪ್ರಕಟಿಸಿತು. 2020ರಲ್ಲಿ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶಕ್ಕೆ ಒಮ್ಮೆಗೆ ಒಂದೇ ಚಾಟ್ ಎಂದಾಯಿತು. ಇದರಿಂದ ಸುಳ್ಳಿನ ವೇಗ ಕಡಿಮೆಯಾಗಬಹುದು. ಆದರೆ ನಿಜವೋ ಸುಳ್ಳೋ ಎಂದು ನೋಡುವ ಕೆಲಸ ಇನ್ನೂ ನಮ್ಮದೇ.

“ನಾನು ಬರೆದಿಲ್ಲ, ಬರೀ ಫಾರ್ವರ್ಡ್ ಮಾಡಿದೆ” ಎಂದು ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಓದುವವರಿಗೆ ಬರೆದವರು ಯಾರೆಂದು ಗೊತ್ತಿರುವುದಿಲ್ಲ. ಕಳಿಸಿದವರು ನಾವು ಎಂಬ ಕಾರಣಕ್ಕೇ ಅವರು ನಂಬುತ್ತಾರೆ. ಸಾಲ ನಮ್ಮದಲ್ಲದಿದ್ದರೂ ಜಾಮೀನು ಸಹಿ ನಮ್ಮದೇ. ಬಂದ ಸುದ್ದಿಯನ್ನು ಪರಿಶೀಲಿಸಬೇಕು, ತಿಳಿಯದೆ ಜನರಿಗೆ ಹಾನಿ ಮಾಡಬಾರದು ಎಂಬುದನ್ನು ಸೂರಃ ಹುಜುರಾತ್‌ನಿಂದಲೂ ನಾವು ಕಲಿತಿದ್ದೇವೆ.

ನಮ್ಮಲ್ಲಿ ಅನೇಕರ ಮನೆಮಾತು ಉರ್ದು. ದಾದಿ, ನಾನಿ ಕನ್ನಡ ಪತ್ರಿಕೆ ಓದುವುದಿಲ್ಲ. ವಾಯ್ಸ್ ಮೆಸೇಜ್, ವಿಡಿಯೊಗಳೇ ಅವರಿಗೆ ಪತ್ರಿಕೆ. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಓದಿ ಹೋಲಿಸಿ ನೋಡಬಲ್ಲವರು ಮನೆಯಲ್ಲಿ ನಾವೇ. “ಸಚ್ ಹೈ ಕ್ಯಾ ಬೇಟಾ?” ಎಂದು ಅವರು ಕೇಳಿದಾಗ ಐದು ನಿಮಿಷ ಕೊಡೋಣ. ದಿನಾಂಕ ಯಾವುದು? ಯಾವ ಪತ್ರಿಕೆಯಲ್ಲಿ ಬಂದಿದೆ? ವಿಡಿಯೊ ಪೂರ್ತಿ ಇದೆಯೇ? ಮಳೆಗಾಲದಲ್ಲಿ ಹರಿದಾಡುವ ಹಳೆಯ “ನಾಳೆ ರಜೆ” ಆದೇಶವೂ ದಿನಾಂಕ ನೋಡಿದರೆ ಸಿಕ್ಕಿಬೀಳುತ್ತದೆ.

ಪ್ರತಿ ತರಗತಿಯ ಗ್ರೂಪಿನಲ್ಲೂ ಒಂದು ನಿಯಮ ಇರಲಿ: ಎಲ್ಲಿಂದ ಬಂತೆಂದು ಹೇಳಲಾಗದ ಸುದ್ದಿಯನ್ನು ಹಾಕುವಂತಿಲ್ಲ.