ಚಿತ್ರಕಲೆಗೆ ಸರಳೆವರಸೆ ಬೇಡವೆ?

ಸಂಗೀತ ಕಲಿಯಲು ಕುಳಿತ ಮಗು ಮೊದಲ ದಿನವೇ ಕೀರ್ತನೆಯನ್ನು ಹಾಡಿಬಿಡಬೇಕೆಂದು ನಮ್ಮಲ್ಲಿ ಯಾರೂ ಹಟ ಹಿಡಿಯುವುದಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲಗಳಲ್ಲಿಯೂ ತಿಂಗಳುಗಟ್ಟಲೆ ಸಾಧಿಸಿದ ಬಳಿಕ ಗೀತೆ, ಗೀತೆಯ ಬಳಿಕ ವರ್ಣ, ಆಮೇಲೆಯೇ ಕೃತಿ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಹೇಳುವ ಈ ದಾರಿಯನ್ನು ಯಾವ ತಾಯಿತಂದೆಗಳೂ ಪ್ರಶ್ನಿಸುವುದಿಲ್ಲ. ನಸುಕಿನಲ್ಲಿ ಕೇಳಿಬರುವ ಅಪಸ್ವರವನ್ನು ನೆರೆಮನೆಯವರೂ ಸಹಿಸಿಕೊಳ್ಳುತ್ತಾರೆ. ಅದೇ ಮಗು ಸೀಸದ ಕಡ್ಡಿಯನ್ನು ಹಿಡಿದು ಒಂದು ಹಾಳೆಯ ತುಂಬ ಬರಿಯ ಗೆರೆಗಳನ್ನೆಳೆದರೋ, “ಕಾಗದವನ್ನೇಕೆ ಹಾಳುಮಾಡುತ್ತೀಯೆ? ಚಿತ್ರ ಬರೆಯಬಾರದೆ?” ಎಂದು ಗದರಿಸುತ್ತೇವೆ. ಕಿವಿಗೆ ಒಂದು ನ್ಯಾಯ, ಕಣ್ಣಿಗೆ ಒಂದು ನ್ಯಾಯ! ಈ ಪಕ್ಷಪಾತವನ್ನು ವಿಚಾರಮಾಡಬೇಕೆಂದೇ ವಾಚಕರ ಮುಂದೆ ಈ ನಾಲ್ಕು ಮಾತುಗಳನ್ನಿಡುತ್ತಿದ್ದೇನೆ.

ಈ ವಿಷಯದಲ್ಲಿ ನನಗೂ ಒಂದು ಋಣವುಂಟು. ಕೆಲವು ವರ್ಷಗಳ ಕೆಳಗೆ ಮಕ್ಕಳ ಚಿತ್ರಸ್ಪರ್ಧೆಯೊಂದರಲ್ಲಿ ಮೂವರು ತೀರ್ಪುಗಾರರ ಪೈಕಿ ನಾನೊಬ್ಬನಾಗಿದ್ದೆನು. ಗೋಡೆಯ ತುಂಬ ಬಣ್ಣಬಣ್ಣದ ಸೂರ್ಯೋದಯಗಳು: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ನಮ್ಮದು ಬಯಲುಸೀಮೆ; ಆ ಮಕ್ಕಳಲ್ಲಿ ಹಲವರು ಅಂತಹ ನದಿಯನ್ನು ಕಣ್ಣಾರೆ ಕಂಡವರೇ ಅಲ್ಲ. ಒಂದು ಮೂಲೆಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬರೆದ ತಾಮ್ರದ ಚೆಂಬು ಇದ್ದಿತು. ಬರಿಯ ಸೀಸದ ಕಡ್ಡಿಯ ಕೆಲಸ. ಕಂಠವು ತುಸು ಓರೆಯಾಗಿದ್ದಿತು. ಆದರೆ ಹೊಟ್ಟೆಯ ಉಬ್ಬಿನ ಮೇಲೆ ಬೆಳಕು ಎಲ್ಲಿ ಬಿದ್ದಿತ್ತು, ಎಲ್ಲಿ ಕಂದಿತ್ತು, ಕಪ್ಪಾದ ಅಂಚಿನೊಳಗೆ ನೆಲದಿಂದ ಮರಳಿ ಬಂದ ಮಸುಕು ಬೆಳಕು ಎಷ್ಟಿತ್ತು ಎಂಬುದನ್ನು ಆ ಮಗು ನಿಜವಾಗಿಯೂ ನೋಡಿತ್ತು. ಉಳಿದಿಬ್ಬರು “ಬಣ್ಣವಿಲ್ಲ, ಅಪೂರ್ಣ” ಎಂದರು. ನಾನು ಎರಡು ಮಾತು ಆಡಿನೋಡಿ, ಬಳಿಕ ಸುಮ್ಮನೆ ರುಜು ಹಾಕಿದೆನು. “ಬಣ್ಣ ಹಚ್ಚು ಎಂದು ನಾನು ಮೊದಲೇ ಹೇಳಲಿಲ್ಲವೇನಮ್ಮ?” ಎಂದು ತಂದೆಯು ಮಗಳಿಗೆ ಹೇಳುತ್ತಿದ್ದುದು ಹೊರಗೆ ಬರುವಾಗ ಕೇಳಿಸಿತು. ಆ ಹುಡುಗಿ ಆಮೇಲೆಯೂ ಚೆಂಬನ್ನು ಬರೆದಳೋ, ಸೂರ್ಯೋದಯಕ್ಕೆ ಶರಣಾದಳೋ ನಾನರಿಯೆ.

ಅಭ್ಯಾಸವನ್ನು ವಿರೋಧಿಸುವವರ ಮೊದಲನೆಯ ವಾದವು ಇದು: ಗೆರೆ ತಿದ್ದಿಸಿದರೆ ಮಗುವಿನ ಸ್ವಂತ ಕಲ್ಪನೆ ಸಾಯುತ್ತದೆ. ಕೇಳಲು ಇಂಪಾದ ಮಾತು. ಆದರೆ ಸ್ವಂತಿಕೆಗೆ ಎಲ್ಲರೂ ಉದಾಹರಿಸುವ ವಿನ್ಸೆಂಟ್ ವ್ಯಾನ್ ಗೋ ಮಾಡಿದ್ದೇನು? ೧೮೮೦ರಲ್ಲಿ, ತನ್ನ ೨೭ನೆಯ ವಯಸ್ಸಿನಲ್ಲಿ, ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿದ್ದುಕೊಂಡು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದಾಗ ಆತನು ಕೈಗೆತ್ತಿಕೊಂಡುದು ಶಾರ್ಲ್ ಬಾರ್ಗ್ ಎಂಬವನ ಅಭ್ಯಾಸದ ಹಾಳೆಗಳನ್ನು. ಇದ್ದಲಿನ ಸಾಧನೆಗೆಂದೇ ರಚಿತವಾದ ಆ ೬೦ ಹಾಳೆಗಳನ್ನು ಒಮ್ಮೆಗೆ ಬಿಡದೆ ಮತ್ತೆ ಮತ್ತೆ ನೋಡಿ ಬರೆದನು; ತೀರಿಹೋದ ವರ್ಷವಾದ ೧೮೯೦ರಲ್ಲಿಯೂ ಅವುಗಳ ಕಡೆಗೆ ಮರಳಿದನು. ಅವನ ಕಲ್ಪನೆಯು ಇದರಿಂದ ಸತ್ತಿತೆಂದು ಹೇಳುವವರು ಅವನ ಚಿತ್ರಗಳನ್ನು ನೋಡಿರಲಾರರು.

ಎರಡನೆಯ ವಾದವು ಸ್ವದೇಶಾಭಿಮಾನದ ವೇಷದಲ್ಲಿ ಬರುತ್ತದೆ: ನೆರಳು-ಬೆಳಕಿನ ಅಭ್ಯಾಸವು ವಿಲಾಯತಿಯದು, ನಮಗೆ ಅದೇಕೆ? ಇದಕ್ಕೆ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವೇ ಉತ್ತರವಾಗಿದೆ. ಛಾಯೆ ತುಂಬುವ ಕ್ರಮಕ್ಕೆ ಅಲ್ಲಿ ‘ವರ್ತನೆ’ ಎಂದು ಹೆಸರು. ಎಲೆಯಂತೆ ಹಬ್ಬುವ ಗೆರೆಗಳಿಂದ ಒಂದು, ಅತಿಸೂಕ್ಷ್ಮವಾದ ಗೆರೆಗಳಿಂದ ಒಂದು, ಚುಕ್ಕಿಗಳಿಂದ ಒಂದು ಎಂದು ಮೂರು ಬಗೆಗಳನ್ನೂ ಹೇಳಿದೆ. ಅಷ್ಟೇ ಅಲ್ಲ, ರೇಖೆಯ ಮೆಚ್ಚುಗೆಯನ್ನು ಆಚಾರ್ಯರಿಗೂ ವರ್ತನೆಯ ಮೆಚ್ಚುಗೆಯನ್ನು ಬಲ್ಲವರಿಗೂ ಸಲ್ಲಿಸಿ, ಬಣ್ಣದ ಮೋಹವನ್ನು ಸಾಮಾನ್ಯ ಜನರ ಪಾಲಿಗೆ ಬಿಟ್ಟಿದೆ. ಆ ದಿನ ನಾವು ಮೂವರು ತೀರ್ಪುಗಾರರು ಯಾವ ಪಂಕ್ತಿಯಲ್ಲಿ ಕುಳಿತಿದ್ದೆವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಕತ್ತೆಯಲ್ಲಿ ಹ್ಯಾವೆಲ್ ಮತ್ತು ಅವನೀಂದ್ರನಾಥ ಠಾಕೂರರು ವಿಲಾಯತಿ ಮಾದರಿಗಳ ನಕಲನ್ನು ಖಂಡಿಸಿದರೆಂಬುದು ನಿಜ. ಕೈಯ ಸಾಧನೆಯನ್ನು ಅವರು ಖಂಡಿಸಲಿಲ್ಲ. ಅವನೀಂದ್ರರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರನ್ನೇ (೧೮೮೬–೧೯೬೫) ನೋಡಿರಿ. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಮನೆಯ ವಿದ್ಯೆಯಿಂದಲೇ ಆರಂಭಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಮತ್ತೆ ಶಿಷ್ಯರಾಗಿ ಕುಳಿತವರು ಅವರು. ಮುಂದೆ ವೀಣೆ ಶೇಷಣ್ಣನವರ ಬಳಿಯಲ್ಲಿ ವೀಣೆಯನ್ನೂ ಕಲಿತರು. ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಕೈಯೇ ತಂತಿಯನ್ನೂ ಮೀಟಿತು. ಎರಡು ಕಲೆಗಳಲ್ಲಿಯೂ ಸಾಧನೆಯ ದಾರಿ ಒಂದೇ ಎಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಅಭ್ಯಾಸವೆಂದರೆ ಅಚ್ಚಿನ ಚಿತ್ರವನ್ನಿಟ್ಟು ಚೌಕುಳಿ ಹಾಕಿ ನಕಲಿಳಿಸುವುದೆಂದು ತಿಳಿದ ಉಪಾಧ್ಯಾಯರೂ ಇದ್ದಾರೆಂಬುದನ್ನು ನಾನು ಒಪ್ಪುತ್ತೇನೆ. ಅದು ಕೈಗೂ ಕಣ್ಣಿಗೂ ಜೋಮು ಹಿಡಿಸುತ್ತದೆ. ಲಂಡನ್ನಿನಲ್ಲಿ ಕೂಲಿಕಾರರಿಗೆ ಚಿತ್ರ ಕಲಿಸಿದ ಜಾನ್ ರಸ್ಕಿನ್ ೧೮೫೭ರಲ್ಲಿ ಬರೆದ ಪಾಠಪುಸ್ತಕವು ಬೇರೆಯ ದಾರಿಯನ್ನು ತೋರಿಸುತ್ತದೆ. ಮೊದಲ ಪಾಠವು ಒಂದು ಸಣ್ಣ ಚೌಕ: ಅದನ್ನು ಲೇಖನಿಯ ಸೂಕ್ಷ್ಮ ಗೆರೆಗಳಿಂದ, ಒಂದರ ಮೇಲೊಂದು ಹಾಯಿಸಿ, ಎಲ್ಲಿಯೂ ಕಲೆಯಿಲ್ಲದ ಸಮನಾದ ಬೂದುಬಣ್ಣವಾಗುವಂತೆ ತುಂಬಬೇಕು. ಕೆಲವು ಪಾಠಗಳಾದ ಮೇಲೆ ದಾರಿಯಲ್ಲಿ ಸಿಕ್ಕ ಒಂದು ಉರುಟುಗಲ್ಲು: ಅದು ಉರುಟಾಗಿದೆಯೆಂಬುದು ಕಾಗದದ ಮೇಲೆ ತೋರಬೇಕು. ಹೊರಗೆರೆಯು ಎಷ್ಟು ಚೆನ್ನಾಗಿದ್ದರೂ ಕಲ್ಲು ಉರುಟಾಗದು; ಬೆಳಕು ಬಿದ್ದ ತಾಣ, ನಡುಛಾಯೆ, ಕಪ್ಪು, ಮರಳಿದ ಬೆಳಕು, ನೆಲದ ಮೇಲಿನ ನೆರಳು ಇವು ಐದೂ ತಮ್ಮ ತಮ್ಮ ಅಳತೆಯಲ್ಲಿ ನಿಂತಾಗಲೇ ಅದು ಕೈಗೆ ಎತ್ತಿಕೊಳ್ಳುವಂತೆ ತೋರುತ್ತದೆ. ಈ ಅಳತೆಯನ್ನು ಕಂಡುಹಿಡಿಯಬೇಕಾದರೆ ಕಲ್ಲನ್ನು ಹತ್ತು ಬಾರಿ ನೋಡಬೇಕು. ಹಾಗೆ ನೋಡುವುದೇ ವಿದ್ಯೆ. ಕಾಗದದ ಮೇಲಿರುವುದು ಅದರ ಗುರುತು.

“ಕಿಸೆಯ ಫೋನು ಕ್ಷಣದಲ್ಲಿ ಚಿತ್ರ ತೆಗೆಯುತ್ತದೆ, ಈಗಿನ ಯಂತ್ರಗಳು ಬಾಯಲ್ಲಿ ಹೇಳಿದ ಮಾತ್ರಕ್ಕೆ ಬರೆದೂ ಕೊಡುತ್ತವೆ, ಇನ್ನು ಈ ಶ್ರಮವೇಕೆ?” ಎಂದು ಕೇಳುವವರಿಗೆ ನನ್ನ ಉತ್ತರವೂ ಇದರಲ್ಲಿಯೇ ಇದೆ. ಯಂತ್ರವು ಚೆಂಬಿನ ಚಿತ್ರವನ್ನು ಕೊಟ್ಟೀತು. ಚೆಂಬನ್ನು ನೋಡುವ ಕಣ್ಣನ್ನು ನಮ್ಮ ಮಗುವಿಗೆ ಕೊಡಲಾರದು. ಸಿದ್ಧ ಚಿತ್ರಗಳು ಹೊಳೆಯಾಗಿ ಹರಿಯುವ ಕಾಲದಲ್ಲಿ, ಎದುರಿಗಿರುವುದನ್ನು ಕಾಲುಗಂಟೆ ತಾಳ್ಮೆಯಿಂದ ನೋಡಬಲ್ಲ ಮಕ್ಕಳು ಬೇಕಾಗಿದ್ದಾರೆ.

ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ನಮ್ಮ ಹೆಣ್ಣುಮಕ್ಕಳು ಬಾಗಿಲಲ್ಲಿ ಚುಕ್ಕಿಯಿಟ್ಟು ರಂಗೋಲಿಯ ಎಳೆಯನ್ನು ಎಳೆಯುವಾಗ ಕೈಯಲ್ಲಿ ರಬ್ಬರಿರುವುದಿಲ್ಲ. ಆ ಧೈರ್ಯವನ್ನೇ ಕಾಗದಕ್ಕೂ ತನ್ನಿರಿ. ದಿನಕ್ಕೊಂದು ಹಾಳೆ, ಒಂದು ಸೀಸದ ಕಡ್ಡಿ, ಕಾಲುಗಂಟೆ. ಎರಡು ಚುಕ್ಕಿಗಳ ನಡುವೆ ಒಂದೇ ಉಸಿರಿನ ಗೆರೆ. ತಿಳಿಯಿಂದ ಕಪ್ಪಿಗೆ ಇಳಿಯುವ ಛಾಯೆಯ ಪಟ್ಟಿ. ಬಳಿಕ ಕಿಟಕಿಯ ಬಳಿ ಇಟ್ಟ ಒಂದು ನಿಂಬೆಯ ಹಣ್ಣು. ಮಗುವು ಹಾಳೆಯನ್ನು ತಂದು ತೋರಿಸಿದಾಗ “ಬಣ್ಣವೆಲ್ಲಿ?” ಎಂದು ಮಾತ್ರ ಕೇಳದಿರಬೇಕೆಂದು ಗೃಹಸ್ಥರಲ್ಲಿ ನನ್ನ ಬಿನ್ನಹ. “ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಮಗು?” ಎಂದು ಕೇಳಿರಿ.